ಜಾಲದ ಸ್ವಿಚ್ಚಿನ ದೂರನಿರ್ವಹಣೆ: ಉದ್ದಿಮೆದಾರರು ಕೇಳಬೇಕಾದ ನಾಲ್ಕು ಪ್ರಶ್ನೆಗಳು

ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡುಗಳು ಹಾಗೂ ಸಿದ್ಧ ಉಡುಪಿನ ಘಟಕಗಳು, ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶ, ನೆಲಮಂಗಲದ ಹೆದ್ದಾರಿ ಬದಿಯ ಗೋದಾಮುಗಳು, ಹೊಸಕೋಟೆಯ ಪಿಳ್ಳಗುಂಪೆ, ದೇವನಹಳ್ಳಿಯ ವಿಮಾನ ನಿಲ್ದಾಣದ ಸುತ್ತಲಿನ ಘಟಕಗಳು ಇವೆಲ್ಲವುಗಳ ವ್ಯವಹಾರಕ್ರಮದಲ್ಲಿ ಕಳೆದ ಎರಡು ದಶಕಗಳಲ್ಲಿ ಒಂದು ಸಮಾನವಾದ ಬದಲಾವಣೆ ಕಂಡುಬಂದಿದೆ. ಉತ್ಪಾದನೆ ಒಂದೆಡೆ, ಲೆಕ್ಕಪತ್ರ ಇನ್ನೊಂದೆಡೆ, ಮಾಲೀಕರು ಮತ್ತೊಂದೆಡೆ. ದಾಸ್ತಾನಿನ ಲೆಕ್ಕ, ಇ-ಇನ್‌ವಾಯ್ಸ್, ಇ-ವೇ ಬಿಲ್ಲು, ಕಾರ್ಮಿಕರ ಹಾಜರಿ ಯಂತ್ರ, ಕಣ್ಗಾವಲು ಕ್ಯಾಮೆರಾ, ಬ್ಯಾಂಕಿನ ಪಾವತಿ ಎಲ್ಲವೂ ತಂತಿಯ ಮೂಲಕವೇ ಹರಿಯುತ್ತವೆ. ಆ ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆಗೆ ಜಾಲದ ಸ್ವಿಚ್ಚು ಎಂದು ಹೆಸರು.

ತಿಜೋರಿಯ ಬೀಗದ ಕೈ ಯಾರ ಬಳಿ ಇದೆ ಎಂದು ಕೇಳಿದರೆ ಯಾವ ವರ್ತಕರಾದರೂ ಕ್ಷಣದಲ್ಲಿ ಉತ್ತರ ಕೊಡುತ್ತಾರೆ. ಚೆಕ್ಕಿಗೆ ಸಹಿ ಹಾಕುವ ಅಧಿಕಾರ ಯಾರಿಗಿದೆ ಎಂಬುದು ಬ್ಯಾಂಕಿನ ಕಡತದಲ್ಲಿ ದಾಖಲಾಗಿರುತ್ತದೆ. ಆದರೆ ಸ್ವಿಚ್ಚಿನ ಒಳಗೆ ದೂರದಿಂದ ಪ್ರವೇಶಿಸುವ ಅಧಿಕಾರ ಯಾರಿಗಿದೆ ಎಂದು ಲೆಕ್ಕಪರಿಶೋಧನೆಯ ಸಮಯದಲ್ಲಿ ವಿಚಾರಿಸಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: “ಅದು ಕಂಪ್ಯೂಟರಿನವರಿಗೆ ಗೊತ್ತು.” ಈ ಉತ್ತರವು ಏಕೆ ಸಾಲದು, ಅದರ ಬದಲಿಗೆ ಏನನ್ನು ವ್ಯವಸ್ಥೆಗೊಳಿಸಬೇಕು ಎಂಬುದನ್ನು ತಿಳಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಸ್ವಿಚ್ಚಿನ ವ್ಯವಸ್ಥೆಗಳನ್ನು ಮಾಲೀಕರೇ ಕುಳಿತು ಮಾಡಬೇಕಾಗಿಲ್ಲ. ಆದರೆ ಏನಾಗಬೇಕು, ಆಗಿದೆಯೇ ಇಲ್ಲವೇ ಎಂಬುದನ್ನು ಕೇಳಿ ತಿಳಿದುಕೊಳ್ಳುವ ಹೊಣೆ ಅವರದೇ.

ಸಾದಾ ಸ್ವಿಚ್ಚು ಮತ್ತು ಮ್ಯಾನೇಜ್ಡ್ ಸ್ವಿಚ್ಚು

ಅಂಚೆ ಕಚೇರಿಯಲ್ಲಿ ಪತ್ರಗಳನ್ನು ವಿಂಗಡಿಸಿ ಆಯಾ ಬೀದಿಯ ಅಂಚೆಯವನ ಚೀಲಕ್ಕೆ ಹಾಕುವಂತೆ, ಸ್ವಿಚ್ಚು ಒಂದು ಗಣಕಯಂತ್ರದಿಂದ ಬಂದ ಮಾಹಿತಿಯನ್ನು ವಿಳಾಸ ನೋಡಿ ಮತ್ತೊಂದಕ್ಕೆ ತಲುಪಿಸುತ್ತದೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಸಾದಾ ಸ್ವಿಚ್ಚಿಗೆ ತಂತಿ ಸಿಕ್ಕಿಸಿದರೆ ಸಾಕು. ಅದರೊಳಗೆ ಪ್ರವೇಶಿಸುವ ಅವಕಾಶವೇ ಇರುವುದಿಲ್ಲ. ಮ್ಯಾನೇಜ್ಡ್ ಸ್ವಿಚ್ಚಿಗೆ ಜಾಲದಲ್ಲಿ ತನ್ನದೇ ಆದ ವಿಳಾಸವಿರುತ್ತದೆ. ಪಾಸ್‌ವರ್ಡ್ ನೀಡಿ ಒಳಹೊಕ್ಕು ಯಾವ ಪೋರ್ಟು ಕೆಲಸ ಮಾಡಬೇಕು, ಲೆಕ್ಕಪತ್ರ ವಿಭಾಗದ ಯಂತ್ರಗಳು ಕ್ಯಾಮೆರಾಗಳಿಂದ ಪ್ರತ್ಯೇಕವಾಗಿರಬೇಕೆ ಎಂಬಿತ್ಯಾದಿಗಳನ್ನು ನಿರ್ಧರಿಸಬಹುದು. ಈ ಕೆಲಸವನ್ನು ಸ್ಥಳಕ್ಕೆ ಬಾರದೆ ಇನ್ನೊಂದು ಕಡೆಯಿಂದ ಮಾಡುವುದೇ ದೂರನಿರ್ವಹಣೆ.

ದೂರನಿರ್ವಹಣೆ ತಪ್ಪಲ್ಲ, ನಮ್ಮ ತಾಲ್ಲೂಕುಗಳ ಉದ್ದಿಮೆಗಳಿಗೆ ಅದು ಅನುಕೂಲವೇ ಸರಿ. ಬೆಂಗಳೂರು ನಗರದಿಂದ ತಂತ್ರಜ್ಞರು ಬಂದು ಹೋಗಲು ಅರ್ಧ ದಿನ ಹಿಡಿಯುವ ಕೆಲಸವು ಹತ್ತು ನಿಮಿಷಗಳಲ್ಲಿ ಮುಗಿಯುತ್ತದೆ. ಆದರೆ ತಂತ್ರಜ್ಞರು ಬರಬಹುದಾದ ದಾರಿಯಲ್ಲಿ ಇತರರೂ ಬರಬಹುದು. ಹಾಗೆ ಒಳಹೊಕ್ಕವರು ಒಂದು ಪೋರ್ಟಿನ ಮಾಹಿತಿಯೆಲ್ಲ ಮತ್ತೊಂದು ಪೋರ್ಟಿಗೂ ನಕಲಾಗುವಂತೆ ಮಾಡಬಹುದು. ಪ್ರತ್ಯೇಕವಾಗಿಟ್ಟ ವಿಭಾಗಗಳನ್ನು ಒಂದುಗೂಡಿಸಬಹುದು. ಎಲ್ಲ ವ್ಯವಸ್ಥೆಗಳನ್ನು ಅಳಿಸಿ ಇಡೀ ಪಾಳಿಯ ಕೆಲಸವನ್ನು ನಿಲ್ಲಿಸಬಹುದು. ಇ-ಇನ್‌ವಾಯ್ಸ್ ಹೊರಡದಿದ್ದರೆ ಸರಕು ತುಂಬಿದ ಲಾರಿ ಗೇಟಿನಲ್ಲೇ ನಿಲ್ಲುತ್ತದೆ.

ಸಣ್ಣ ಪೆಟ್ಟಿಗೆ, ದೊಡ್ಡ ನಷ್ಟ

2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಗಣಕಜಾಲಕ್ಕೆ ನುಸುಳಿದ ಕಳ್ಳರು, ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿದ್ದ ಆ ಬ್ಯಾಂಕಿನ ಖಾತೆಯಿಂದ ಸುಮಾರು 95 ಕೋಟಿ ಡಾಲರುಗಳನ್ನು ಸಾಗಿಸಲು ನಕಲಿ ಆದೇಶಗಳನ್ನು ಕಳುಹಿಸಿದರು. ಬಹುಪಾಲು ಆದೇಶಗಳು ತಡೆಯಲ್ಪಟ್ಟರೂ 8.1 ಕೋಟಿ ಡಾಲರು ಫಿಲಿಪ್ಪೀನ್ಸಿನ ಖಾತೆಗಳಿಗೆ ಹೋಗಿ ಸೇರಿತು. ಆ ಬ್ಯಾಂಕಿನ ಜಾಲದಲ್ಲಿ ಫೈರ್‌ವಾಲ್ ಇರಲಿಲ್ಲವೆಂದೂ, ಸುಮಾರು 10 ಡಾಲರ್ ಬೆಲೆಯ ಬಳಸಿದ ಸ್ವಿಚ್ಚುಗಳನ್ನು ಅಲ್ಲಿ ಉಪಯೋಗಿಸಲಾಗಿತ್ತೆಂದೂ, ಇದರಿಂದಾಗಿ ಕಳ್ಳರು ಎಲ್ಲಿಂದ ಬಂದು ಏನು ಮಾಡಿದರೆಂಬುದನ್ನು ಪತ್ತೆಹಚ್ಚುವುದು ಕಷ್ಟವಾಯಿತೆಂದೂ ಅಲ್ಲಿಯ ತನಿಖಾಧಿಕಾರಿ ಅದೇ ವರ್ಷದ ಏಪ್ರಿಲ್‌ನಲ್ಲಿ ತಿಳಿಸಿದರು.

ಲೆಕ್ಕ ಬಲ್ಲವರು ಈ ಪ್ರಸಂಗದ ಕೊನೆಯ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಕಳವಾಗುವುದು ಒಂದು ನಷ್ಟ. ಕಳವು ಹೇಗಾಯಿತೆಂದು ತಿಳಿಯದಿರುವುದು ಇನ್ನೊಂದು ನಷ್ಟ. ದಿನವಹಿ ಬರೆಯದ ಅಂಗಡಿಯಲ್ಲಿ ಹಣ ಕಡಿಮೆಯಾದರೆ ಯಾರ ಮೇಲೆ ಹೊಣೆ ಹೊರಿಸಲು ಸಾಧ್ಯ? ಆದುದರಿಂದ ಸ್ವಿಚ್ಚಿನ ಸುರಕ್ಷತೆಯನ್ನು ತಂತ್ರಜ್ಞಾನದ ವಿಷಯವೆಂದು ಬದಿಗಿಡದೆ, ಆಂತರಿಕ ನಿಯಂತ್ರಣದ ಒಂದು ಭಾಗವೆಂದು ಪರಿಗಣಿಸುವುದು ಸೂಕ್ತ. ಹಾಗೆ ಪರಿಗಣಿಸಿದಾಗ ಎಲ್ಲ ವ್ಯವಸ್ಥೆಗಳೂ ನಾಲ್ಕು ಪ್ರಶ್ನೆಗಳಲ್ಲಿ ಅಡಕವಾಗುತ್ತವೆ: ಯಾರು ಪ್ರವೇಶಿಸಬಹುದು? ಯಾವ ದಾರಿಯಿಂದ? ಎಲ್ಲಿಂದ? ಪ್ರವೇಶಿಸಿದ್ದರ ದಾಖಲೆ ಎಲ್ಲಿದೆ?

ಮೊದಲನೆಯ ಪ್ರಶ್ನೆ: ಯಾರು?

ಬಹುತೇಕ ಸ್ವಿಚ್ಚುಗಳು ಕಾರ್ಖಾನೆಯಿಂದ ಬರುವಾಗ ‘ಅಡ್ಮಿನ್’ ಎಂಬಂತಹ ಒಂದು ಸಾಮಾನ್ಯ ಬಳಕೆದಾರ ಹೆಸರನ್ನೂ, ಕೈಪಿಡಿಯಲ್ಲಿಯೇ ಅಚ್ಚಾಗಿರುವ ಪಾಸ್‌ವರ್ಡನ್ನೂ ಹೊಂದಿರುತ್ತವೆ. ಅದನ್ನು ಬದಲಾಯಿಸದೆ ಬಿಡುವುದೆಂದರೆ ಬೀಗ ಹಾಕಿ ಕೈಯನ್ನು ಬಾಗಿಲಿಗೇ ನೇತುಹಾಕಿದಂತೆ. 2016ರಲ್ಲಿ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರ್ ಮತ್ತು ರೌಟರುಗಳನ್ನು ವಶಪಡಿಸಿಕೊಂಡ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು ಮಾಡಿದ್ದು ಇಷ್ಟೇ: ಕಾರ್ಖಾನೆಯಲ್ಲಿ ಇಟ್ಟ ಹೆಸರು ಮತ್ತು ಪಾಸ್‌ವರ್ಡುಗಳ ಸುಮಾರು 60 ಜೋಡಿಗಳನ್ನು ಒಂದಾದ ಮೇಲೊಂದರಂತೆ ಪ್ರಯೋಗಿಸಿ ನೋಡುವುದು.

ಆದ್ದರಿಂದ ಮೊದಲ ಕ್ರಮವೆಂದರೆ ಕಾರ್ಖಾನೆಯ ಪಾಸ್‌ವರ್ಡನ್ನು ತೆಗೆದು, ಪ್ರವೇಶಾಧಿಕಾರ ಇರುವ ಪ್ರತಿಯೊಬ್ಬರಿಗೂ ಪ್ರತ್ಯೇಕ ಹೆಸರಿನ ಖಾತೆ ತೆರೆಯುವುದು. ನಾಲ್ಕು ಮಂದಿ ಒಂದೇ ಹೆಸರಿನಿಂದ ಪ್ರವೇಶಿಸಿದರೆ ದಾಖಲೆಯಲ್ಲಿ ಆ ಹೆಸರೊಂದೇ ಉಳಿಯುತ್ತದೆ, ವ್ಯಕ್ತಿ ಉಳಿಯುವುದಿಲ್ಲ. ನೋಡಲು ಮಾತ್ರ ಬೇಕಾದವರಿಗೆ ಬದಲಾಯಿಸುವ ಅಧಿಕಾರ ಕೊಡಬಾರದು. ಪಾಸ್‌ವರ್ಡು ಉದ್ದವಾಗಿರಬೇಕು, ಕಂಪನಿಯ ಹೆಸರಿನ ಮುಂದೆ ಇಸವಿ ಸೇರಿಸಿದಂತಹುದು ಬೇಡ. ಅದನ್ನು ಸ್ವಿಚ್ಚು ತನ್ನೊಳಗೆ ಓದಬಹುದಾದ ರೂಪದಲ್ಲಿ ಇಟ್ಟುಕೊಳ್ಳದಂತೆ ವ್ಯವಸ್ಥೆ ಮಾಡಬೇಕು. ಕೆಲವು ಬಾರಿ ತಪ್ಪು ಪಾಸ್‌ವರ್ಡ್ ನೀಡಿದೊಡನೆ ಸ್ವಲ್ಪ ಹೊತ್ತು ಪ್ರವೇಶ ನಿರಾಕರಿಸುವ ಹಾಗೂ ಐದು ಅಥವಾ ಹತ್ತು ನಿಮಿಷ ಸುಮ್ಮನಿದ್ದರೆ ತಾನಾಗಿ ಸಂಪರ್ಕ ಕಡಿಯುವ ಸೌಲಭ್ಯಗಳನ್ನು ಜಾರಿಗೊಳಿಸಬೇಕು.

ಎರಡನೆಯ ಪ್ರಶ್ನೆ: ಯಾವ ದಾರಿಯಿಂದ?

ಸ್ವಿಚ್ಚನ್ನು ದೂರದಿಂದ ತಲುಪಲು ಸಾಮಾನ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಆಜ್ಞೆಗಳನ್ನು ಬೆರಳಚ್ಚಿಸುವ ದಾರಿ. ಇದಕ್ಕೆ ಟೆಲ್‌ನೆಟ್ ಮತ್ತು ಎಸ್‌ಎಸ್‌ಎಚ್ ಎಂಬ ಎರಡು ವಿಧಾನಗಳುಂಟು. ಟೆಲ್‌ನೆಟ್ಟಿನ ಮೂಲ 1969ಕ್ಕೆ ಹೋಗುತ್ತದೆ. ಜಾಲದಲ್ಲಿ ಪರಸ್ಪರ ಪರಿಚಿತರೇ ಇದ್ದ ಆ ಕಾಲದಲ್ಲಿ ಗುಟ್ಟಿನ ಅವಶ್ಯಕತೆ ಕಂಡಿರಲಿಲ್ಲ. ಹೀಗಾಗಿ ಅದರಲ್ಲಿ ಪಾಸ್‌ವರ್ಡು ಸಹ ಅಂಚೆ ಕಾರ್ಡಿನ ಮೇಲೆ ಬರೆದ ಒಕ್ಕಣೆಯಂತೆ ದಾರಿಯಲ್ಲಿರುವ ಯಾರಿಗಾದರೂ ಕಾಣುತ್ತದೆ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಇದೇ ರೀತಿ ಪಾಸ್‌ವರ್ಡುಗಳ ಕಳವು ನಡೆದಾಗ, ಅಲ್ಲಿನ ತಾತು ಊಲೊನೆನ್ ಅವರು ಎಲ್ಲವನ್ನೂ ಗೂಢಲಿಪಿಯಲ್ಲಿ ಸಾಗಿಸುವ ಎಸ್‌ಎಸ್‌ಎಚ್ ವಿಧಾನವನ್ನು ರೂಪಿಸಿದರು. ಇದು ಅರಗಿನ ಮುದ್ರೆ ಒತ್ತಿದ ಲಕೋಟೆಯಿದ್ದಂತೆ. ಟೆಲ್‌ನೆಟ್ಟು 23ನೆಯ ಸಂಖ್ಯೆಯ ಪೋರ್ಟನ್ನೂ ಎಸ್‌ಎಸ್‌ಎಚ್ 22ನೆಯದನ್ನೂ ಬಳಸುತ್ತವೆ. ಸ್ವಿಚ್ಚಿನಲ್ಲಿ ಎಸ್‌ಎಸ್‌ಎಚ್‌ನ ಎರಡನೆಯ ಆವೃತ್ತಿಯನ್ನು ಮಾತ್ರ ಇಟ್ಟು, ಟೆಲ್‌ನೆಟ್ಟನ್ನು ಸಂಪೂರ್ಣವಾಗಿ ಮುಚ್ಚಬೇಕು. ಆರ್‌ಎಸ್‌ಎ ಕೀಲಿ ಬಳಸುವುದಾದರೆ ಅದು ಕನಿಷ್ಠ 2048 ಬಿಟ್ ಉದ್ದವಿರಬೇಕು. ಪ್ರಥಮ ಸಂಪರ್ಕದಲ್ಲಿ ಸ್ವಿಚ್ಚು ತನ್ನ ಕೀಲಿಯ ಬೆರಳಚ್ಚನ್ನು ತೋರಿಸುತ್ತದೆ. ಬ್ಯಾಂಕಿನವರು ಮಾದರಿ ಸಹಿಯನ್ನು ಇಟ್ಟುಕೊಳ್ಳುವಂತೆ ಇದನ್ನು ಬರೆದಿಟ್ಟುಕೊಂಡು, ಮುಂದೆ ವ್ಯತ್ಯಾಸ ಕಂಡರೆ ಸಂಪರ್ಕ ಮುಂದುವರಿಸದೆ ವಿಚಾರಿಸಬೇಕು.

ಎರಡನೆಯದು ಬ್ರೌಸರಿನಲ್ಲಿ ತೆರೆಯುವ ಪುಟ. ಇದರಲ್ಲಿಯೂ ಎಚ್‌ಟಿಟಿಪಿ ತೆರೆದ ಕಾರ್ಡು, ಎಚ್‌ಟಿಟಿಪಿಎಸ್ ಮುಚ್ಚಿದ ಲಕೋಟೆ. ಪುಟದ ಅಗತ್ಯವಿದ್ದರೆ ಎಚ್‌ಟಿಟಿಪಿಎಸ್ ಮಾತ್ರ ಇರಲಿ. ಇಲ್ಲದಿದ್ದರೆ ಎರಡನ್ನೂ ಮುಚ್ಚುವುದು ಲೇಸು.

ಮೂರನೆಯದು ಎಸ್‌ಎನ್‌ಎಂಪಿ. ಯಂತ್ರದ ಸ್ಥಿತಿಗತಿಯನ್ನು ದೂರದಿಂದ ವಿಚಾರಿಸುವ ಈ ವಿಧಾನದ ಮೊದಲೆರಡು ಆವೃತ್ತಿಗಳಲ್ಲಿ ‘ಪಬ್ಲಿಕ್’, ‘ಪ್ರೈವೇಟ್’ ಎಂಬ ಪದಗಳೇ ಅನೇಕ ಯಂತ್ರಗಳಲ್ಲಿ ಪಾಸ್‌ವರ್ಡಿನಂತೆ ಕೆಲಸ ಮಾಡುತ್ತವೆ, ಮತ್ತು ಇವು ಎಲ್ಲರಿಗೂ ತಿಳಿದಿವೆ. ಎರಡನೆಯ ಪದದಿಂದ ವ್ಯವಸ್ಥೆಗಳನ್ನು ಬದಲಾಯಿಸಲೂ ಬಹುದು. ಪಾಸ್‌ವರ್ಡು ಬದಲಾಯಿಸಿ, ಟೆಲ್‌ನೆಟ್ಟು ಮುಚ್ಚಿ, ಇದೊಂದನ್ನು ಮರೆತರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತಾಗುತ್ತದೆ. ಬಳಕೆ ಇಲ್ಲದಿದ್ದರೆ ಇದನ್ನು ನಿಲ್ಲಿಸಬೇಕು. ಬಳಕೆ ಇದ್ದರೆ ಗುರುತಿನ ಪರಿಶೀಲನೆಯೂ ಗೂಢಲಿಪಿಯೂ ಇರುವ ಮೂರನೆಯ ಆವೃತ್ತಿಯನ್ನೇ ಆರಿಸಬೇಕು.

ಮೂರನೆಯ ಪ್ರಶ್ನೆ: ಎಲ್ಲಿಂದ?

ಸರಿಯಾದ ವ್ಯಕ್ತಿ ಸರಿಯಾದ ದಾರಿಯಲ್ಲಿ ಬಂದರೂ ಎಲ್ಲ ಜಾಗಗಳಿಂದಲೂ ಬರಲು ಅವಕಾಶವಿರಬಾರದು. ಹಾಜರಿ ಯಂತ್ರ, ಕ್ಯಾಮೆರಾ, ಅತಿಥಿಗಳಿಗೆ ಕೊಡುವ ವೈಫೈ, ಲೆಕ್ಕಪತ್ರದ ಯಂತ್ರ ಎಲ್ಲವೂ ಒಂದೇ ಜಾಲದಲ್ಲಿದ್ದು ಅಲ್ಲಿಂದಲೇ ಸ್ವಿಚ್ಚಿನ ಆಡಳಿತಕ್ಕೂ ದಾರಿಯಿದ್ದರೆ ಅಪಾಯ ಹೆಚ್ಚು. ಮ್ಯಾನೇಜ್ಡ್ ಸ್ವಿಚ್ಚಿನಲ್ಲಿ ಒಂದೇ ಪೆಟ್ಟಿಗೆಯನ್ನು ಹಲವು ಪ್ರತ್ಯೇಕ ಜಾಲಗಳಂತೆ ವಿಭಾಗಿಸಬಹುದು. ಇಂತಹ ವಿಭಾಗಕ್ಕೆ ವಿಲ್ಯಾನ್ ಎನ್ನುತ್ತಾರೆ. ನಿರ್ವಹಣೆಗೆಂದೇ ಒಂದು ವಿಲ್ಯಾನನ್ನು ಮೀಸಲಿಟ್ಟು, ನಿಗದಿಪಡಿಸಿದ ಒಂದೆರಡು ಗಣಕಯಂತ್ರಗಳ ವಿಳಾಸದಿಂದ ಮಾತ್ರ ಪ್ರವೇಶ ದೊರೆಯುವಂತೆ ಅನುಮತಿ ಪಟ್ಟಿಯನ್ನು ಅಳವಡಿಸಬೇಕು.

ಕಾರ್ಖಾನೆಯ ಹೊರಗಿನಿಂದ, ಅಂದರೆ ಗುತ್ತಿಗೆದಾರರ ಕಚೇರಿಯಿಂದಲೋ ಮನೆಯಿಂದಲೋ ಪ್ರವೇಶ ಬೇಕಾದಾಗ ಸ್ವಿಚ್ಚಿನ ಪುಟವನ್ನು ನೇರವಾಗಿ ಅಂತರ್ಜಾಲಕ್ಕೆ ತೆರೆದಿಡುವ ರೂಢಿ ಕೆಲವೆಡೆ ಇದೆ. ಇದನ್ನು ಖಂಡಿತವಾಗಿ ಕೈಬಿಡಬೇಕು. ತೆರೆದ ಪೋರ್ಟುಗಳನ್ನು ಹುಡುಕುತ್ತಾ ಹಗಲಿರುಳು ತಿರುಗುವ ತಂತ್ರಾಂಶಗಳಿಗೆ ದಾಬಸ್‌ಪೇಟೆಯ ಸಣ್ಣ ಘಟಕವೆಂಬ ರಿಯಾಯಿತಿ ಇಲ್ಲ. ಹೊರಗಿನವರು ಮೊದಲು ವಿಪಿಎನ್ ಎಂಬ ಮುಚ್ಚಿದ ಸುರಂಗದ ಮೂಲಕ, ಪಾಸ್‌ವರ್ಡಿನ ಜೊತೆಗೆ ಮೊಬೈಲಿನ ಸಂಕೇತವನ್ನೂ ನೀಡಿ ಒಳಬಂದು, ಅನಂತರವೇ ಸ್ವಿಚ್ಚನ್ನು ತಲುಪುವಂತಿರಬೇಕು. ಸ್ವಿಚ್ಚಿರುವ ಕಪಾಟಿಗೂ ಬೀಗವಿರಲಿ. ಕನ್ಸೋಲ್ ತಂತಿ ಸಿಕ್ಕಿಸಿದವರಿಗೆ ಅನೇಕ ಸ್ವಿಚ್ಚುಗಳಲ್ಲಿ ಪಾಸ್‌ವರ್ಡನ್ನೇ ಅಳಿಸುವ ಉಪಾಯ ದೊರೆಯುತ್ತದೆ.

ನಾಲ್ಕನೆಯ ಪ್ರಶ್ನೆ: ದಾಖಲೆ ಎಲ್ಲಿದೆ?

ಯಾರು ಯಾವಾಗ ಪ್ರವೇಶಿಸಿದರು, ಏನನ್ನು ಬದಲಾಯಿಸಿದರು ಎಂಬುದನ್ನು ಸ್ವಿಚ್ಚು ಬರೆದಿಡಬಲ್ಲದು. ಆದರೆ ಅದರ ಒಳಗಿನ ಸ್ಥಳ ಅಲ್ಪ. ಸಾಮಾನ್ಯವಾಗಿ ವಿದ್ಯುತ್ ಹೋದರೆ ಬರೆದದ್ದೂ ಹೋಗುತ್ತದೆ. ಆದ್ದರಿಂದ ದಾಖಲೆಗಳು ಆಗಿಂದಾಗ್ಗೆ ಬೇರೊಂದು ಗಣಕಯಂತ್ರಕ್ಕೆ ಹೋಗಿ ಸಂಗ್ರಹವಾಗುವಂತೆ ಸಿಸ್‌ಲಾಗ್ ವ್ಯವಸ್ಥೆ ಮಾಡಬೇಕು. ಗಡಿಯಾರವೂ ಸರಿಯಿರಬೇಕು. ತಾರೀಖು ತಪ್ಪಿದ ವೋಚರಿನಂತೆ, ವೇಳೆ ತಪ್ಪಿದ ದಾಖಲೆಗೂ ಬೆಲೆಯಿಲ್ಲ. ಎನ್‌ಟಿಪಿ ಎಂಬ ವಿಧಾನದಿಂದ ಸ್ವಿಚ್ಚಿನ ಗಡಿಯಾರವನ್ನು ನಂಬಲರ್ಹವಾದ ಸಮಯಮೂಲಕ್ಕೆ ಜೋಡಿಸಬಹುದು.

ಸ್ವಿಚ್ಚಿನ ವ್ಯವಸ್ಥೆಗಳ ಪ್ರತಿಯನ್ನೂ ತೆಗೆದು ಪ್ರತ್ಯೇಕವಾಗಿ ಇಡಬೇಕು. ಇದರ ಮಹತ್ವ 2018ರಲ್ಲಿ ಕಂಡುಬಂದಿತು. ಸಿಸ್ಕೋ ಕಂಪನಿಯ ಸ್ವಿಚ್ಚುಗಳಲ್ಲಿದ್ದ ‘ಸ್ಮಾರ್ಟ್ ಇನ್‌ಸ್ಟಾಲ್’ ಎಂಬ ದೂರಸ್ಥಾಪನಾ ಸೌಲಭ್ಯದ ಒಂದು ದೋಷಕ್ಕೆ ಕಂಪನಿಯು ಮಾರ್ಚ್ 28ರಂದು ಪರಿಹಾರ ಪ್ರಕಟಿಸಿತು. ಏಪ್ರಿಲ್ ಮೊದಲ ವಾರದ ಕೊನೆಗೆ ಆ ಸೌಲಭ್ಯ ಅಂತರ್ಜಾಲಕ್ಕೆ ತೆರೆದಿದ್ದ ಸ್ವಿಚ್ಚುಗಳ ಮೇಲೆ ದಾಳಿ ನಡೆದು, ಇರಾನ್ ಮತ್ತು ರಷ್ಯಾ ಸೇರಿದಂತೆ ಹಲವು ದೇಶಗಳಲ್ಲಿ ಅವುಗಳ ವ್ಯವಸ್ಥೆಗಳು ಅಳಿಸಿಹೋದವು. ಬಳಸದ ಸೌಲಭ್ಯವನ್ನು ಮುಚ್ಚಿದವರು ಪಾರಾದರು. ಪ್ರತಿ ಇಟ್ಟುಕೊಂಡವರು ಬೇಗ ಚೇತರಿಸಿಕೊಂಡರು. ತಯಾರಕರು ಬಿಡುಗಡೆ ಮಾಡುವ ಪರಿಷ್ಕೃತ ತಂತ್ರಾಂಶವನ್ನು ಕಾಲಕಾಲಕ್ಕೆ ಹಾಕಿಸುವುದೂ ಇದೇ ಕಾರಣಕ್ಕೆ ಅಗತ್ಯ.

ಅಳವಡಿಸುವಾಗ ಪಾಲಿಸಬೇಕಾದ ಕ್ರಮ

ಈ ಕೆಲಸದಲ್ಲಿ ಆತುರ ಸಲ್ಲದು. ಎಸ್‌ಎಸ್‌ಎಚ್ ಕೆಲಸ ಮಾಡುತ್ತಿದೆಯೆಂದು ಇನ್ನೊಂದು ಗಣಕಯಂತ್ರದಿಂದ ಪರೀಕ್ಷಿಸುವ ಮುನ್ನ ಟೆಲ್‌ನೆಟ್ಟನ್ನು ಮುಚ್ಚಿದರೆ, ಅಥವಾ ತನ್ನದೇ ವಿಳಾಸವನ್ನು ಸೇರಿಸದೆ ಅನುಮತಿ ಪಟ್ಟಿಯನ್ನು ಜಾರಿಗೊಳಿಸಿದರೆ, ತಂತ್ರಜ್ಞರೇ ಹೊರಗುಳಿಯುತ್ತಾರೆ. ಮೊದಲ ಬಾರಿ ಈ ಬದಲಾವಣೆಗಳನ್ನು ಸ್ಥಳದಲ್ಲಿಯೇ, ಕನ್ಸೋಲ್ ತಂತಿಯನ್ನು ಕೈಯಲ್ಲಿಟ್ಟುಕೊಂಡು ಮಾಡಿಸುವುದು ಕ್ಷೇಮ.

ನಮ್ಮ ಭಾಗದಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವುಂಟು. ಹಲವು ಸ್ವಿಚ್ಚುಗಳಲ್ಲಿ ಮಾಡಿದ ಬದಲಾವಣೆ ಆ ಕ್ಷಣಕ್ಕೆ ಜಾರಿಗೆ ಬಂದರೂ ಶಾಶ್ವತವಾಗಿ ಉಳಿಯಬೇಕಾದರೆ ಪ್ರತ್ಯೇಕವಾಗಿ ‘ಸೇವ್’ ಮಾಡಬೇಕು. ಮಾಡದಿದ್ದರೆ ವಿದ್ಯುತ್ ಕಡಿತವಾಗಿ ಮತ್ತೆ ಬಂದಾಗ ಸ್ವಿಚ್ಚು ಹಳೆಯ ಪಾಸ್‌ವರ್ಡು, ಹಳೆಯ ಟೆಲ್‌ನೆಟ್ಟಿನೊಡನೆ ಎದ್ದು ಕೂರುತ್ತದೆ. ಯಾರ ಗಮನಕ್ಕೂ ಬರುವುದಿಲ್ಲ. ಕೆಲಸ ಮುಗಿದ ಮೇಲೆ ಸ್ವಿಚ್ಚನ್ನು ಒಮ್ಮೆ ಆರಿಸಿ ಹಚ್ಚಿಸಿ, ವ್ಯವಸ್ಥೆಗಳು ಉಳಿದಿವೆಯೇ ಎಂದು ನೋಡಬೇಕು. ಜಿಎಸ್‌ಟಿ ವಿವರಪತ್ರ ಸಲ್ಲಿಸುವ 11 ಮತ್ತು 20ನೆಯ ತಾರೀಖುಗಳ ಆಸುಪಾಸಿನಲ್ಲಾಗಲಿ, ಸಂಬಳದ ದಿನವಾಗಲಿ ಈ ಕೆಲಸ ಇಟ್ಟುಕೊಳ್ಳದಿರುವುದು ಒಳಿತು.

ಖರೀದಿ ಮತ್ತು ಗುತ್ತಿಗೆ

ನಾಲ್ಕೈದು ಗಣಕಯಂತ್ರಗಳ ಅಂಗಡಿಗೆ ಸಾದಾ ಸ್ವಿಚ್ಚೇ ಸಾಕಾಗಬಹುದು. ಅದಕ್ಕೆ ದೂರದಿಂದ ಕೈ ಹಾಕಲಾಗದು. ಆದರೆ ಅದು ವಿಭಾಗವನ್ನೂ ಮಾಡದು, ದಾಖಲೆಯನ್ನೂ ಇಡದು ಎಂಬುದು ನೆನಪಿರಲಿ. ಮ್ಯಾನೇಜ್ಡ್ ಸ್ವಿಚ್ಚು ಕೊಳ್ಳುವವರು ಎಸ್‌ಎಸ್‌ಎಚ್, ಎಚ್‌ಟಿಟಿಪಿಎಸ್, ಎಸ್‌ಎನ್‌ಎಂಪಿ ಮೂರನೆಯ ಆವೃತ್ತಿ ಮತ್ತು ಸಿಸ್‌ಲಾಗ್ ಸೌಲಭ್ಯಗಳಿವೆಯೇ ಎಂದು ಕೊಟೇಶನ್ನಿನಲ್ಲಿಯೇ ಬರೆಸಿಕೊಳ್ಳಬೇಕು. ಕಡಿಮೆ ಬೆಲೆಯ ಕೆಲವು ಮಾದರಿಗಳಲ್ಲಿ ಇವು ಇರುವುದಿಲ್ಲ. ಎಸ್.ಪಿ. ರಸ್ತೆಯಲ್ಲಿ ಬಳಸಿದ ಸ್ವಿಚ್ಚು ಕೊಂಡರೆ ಹಿಂದಿನವರ ಖಾತೆಗಳು ಉಳಿದಿರಬಹುದಾದ್ದರಿಂದ ಕಾರ್ಖಾನೆಯ ಸ್ಥಿತಿಗೆ ತಂದು ಅನಂತರ ಬಳಸಬೇಕು. ತಯಾರಕರು ಬೆಂಬಲ ನಿಲ್ಲಿಸಿದ ಮಾದರಿಯಾದರೆ ಅಗ್ಗವೆಂದು ಕೊಳ್ಳಬಾರದು. ತಮ್ಮ ಹಳೆಯ ಸ್ವಿಚ್ಚನ್ನು ಮಾರುವ ಮುನ್ನವೂ ಎಲ್ಲವನ್ನೂ ಅಳಿಸಬೇಕು.

ವಾರ್ಷಿಕ ನಿರ್ವಹಣಾ ಗುತ್ತಿಗೆಯ ಪತ್ರದಲ್ಲಿ ಪ್ರವೇಶಾಧಿಕಾರ ಹೊಂದಿದವರ ಹೆಸರು, ಅವರು ಕೆಲಸ ಬಿಟ್ಟರೆ ಕೂಡಲೇ ತಿಳಿಸುವ ಬಾಧ್ಯತೆ, ಗುತ್ತಿಗೆ ಮುಗಿದಾಗ ಎಲ್ಲ ಪಾಸ್‌ವರ್ಡು ಹಾಗೂ ವ್ಯವಸ್ಥೆಯ ಪ್ರತಿಗಳನ್ನು ಲಿಖಿತವಾಗಿ ಹಸ್ತಾಂತರಿಸುವ ಷರತ್ತು ಇರಬೇಕು. ಹೊಸ ಗುತ್ತಿಗೆದಾರರು ಬಂದ ದಿನವೇ ಹಳೆಯ ಖಾತೆಗಳನ್ನು ರದ್ದುಪಡಿಸಬೇಕು. ಉನ್ನತ ಅಧಿಕಾರದ ಒಂದು ಪಾಸ್‌ವರ್ಡನ್ನು ಮೊಹರು ಮಾಡಿದ ಲಕೋಟೆಯಲ್ಲಿಟ್ಟು ಮಾಲೀಕರ ತಿಜೋರಿಯಲ್ಲಿ ಇರಿಸುವುದು ಉತ್ತಮ ಪದ್ಧತಿ.

ಕಾನೂನಿನ ದೃಷ್ಟಿ

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೆಯ ಪ್ರಕರಣದ ಪ್ರಕಾರ ಮಾಲೀಕರ ಅನುಮತಿಯಿಲ್ಲದೆ ಗಣಕಜಾಲಕ್ಕೆ ಪ್ರವೇಶಿಸಿದವರು ಪರಿಹಾರ ಕೊಡಲು ಬಾಧ್ಯರು. ಅದೇ ಕೃತ್ಯವನ್ನು ಅಪ್ರಾಮಾಣಿಕತೆಯಿಂದ ಅಥವಾ ವಂಚನೆಯಿಂದ ಮಾಡಿದರೆ 66ನೆಯ ಪ್ರಕರಣದಂತೆ 3 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಆದರೆ ಅನುಮತಿ ಇರಲಿಲ್ಲವೆಂದು ಸ್ಥಾಪಿಸಬೇಕಾದರೆ ಅನುಮತಿ ಯಾರಿಗಿತ್ತೆಂಬ ಲಿಖಿತ ಪಟ್ಟಿ ಬೇಕು; ಪ್ರವೇಶಿಸಿದವರು ಯಾರೆಂಬ ದಾಖಲೆ ಬೇಕು. ಎಲ್ಲರೂ ‘ಅಡ್ಮಿನ್’ ಆಗಿದ್ದ ಕಡೆ ಎರಡೂ ಇರುವುದಿಲ್ಲ.

ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳಂತೆ, ಅನಧಿಕೃತ ಪ್ರವೇಶವೂ ಸೇರಿದಂತೆ ನಿಗದಿತ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ದಾಖಲೆಗಳನ್ನು 180 ದಿನಗಳ ಕಾಲ ಭದ್ರವಾಗಿ ಇಡಬೇಕು. ಗಡಿಯಾರಗಳನ್ನು ಅಧಿಕೃತ ಸಮಯಮೂಲಕ್ಕೆ ಹೊಂದಿಸಬೇಕು. ಕಿರು, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ಇದನ್ನು ಪಾಲಿಸಲು ನೀಡಿದ್ದ ಕಾಲಾವಕಾಶ 2022ರ ಸೆಪ್ಟೆಂಬರ್ 25ಕ್ಕೆ ಮುಗಿದಿದೆ. ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ಬದಲಾವಣೆಯ ಜಾಡು ಉಳಿಯಬೇಕೆಂಬ ನಿಯಮವೂ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಈ ನಿಯಮ ಸ್ವಿಚ್ಚಿಗೆ ನೇರವಾಗಿ ಅನ್ವಯಿಸದಿದ್ದರೂ ಅದರ ಹಿಂದಿನ ತತ್ತ್ವ ಒಂದೇ. ಹಣ ಕಳೆದುಕೊಂಡ ಸಂದರ್ಭದಲ್ಲಿ ತಡಮಾಡದೆ 1930 ಸಹಾಯವಾಣಿಗೂ ಬ್ಯಾಂಕಿಗೂ ತಿಳಿಸಬೇಕು.

ಮಾಲೀಕರು ಮಾಡಬಹುದಾದ ಪರೀಕ್ಷೆ

ಮುಂದಿನ ಬಾರಿ ನಿರ್ವಹಣೆಯವರು ಬಂದಾಗ ಅರ್ಧ ಗಂಟೆ ಅವರ ಪಕ್ಕದಲ್ಲಿ ಕುಳಿತು ಈ ಕೆಳಗಿನವುಗಳನ್ನು ಕಣ್ಣಾರೆ ನೋಡಬಹುದು.

1. ಟೆಲ್‌ನೆಟ್ ಮೂಲಕ ಪ್ರವೇಶಿಸಲು ಯತ್ನಿಸಲಿ, ನಿರಾಕರಣೆ ಬರಬೇಕು.
2. ಕೈಪಿಡಿಯಲ್ಲಿರುವ ಹಳೆಯ ಹೆಸರು ಮತ್ತು ಪಾಸ್‌ವರ್ಡ್ ನೀಡಲಿ, ನಿರಾಕರಣೆ ಬರಬೇಕು.
3. ಅನುಮತಿ ಪಟ್ಟಿಯಲ್ಲಿಲ್ಲದ ಗಣಕಯಂತ್ರದಿಂದ ಎಸ್‌ಎಸ್‌ಎಚ್ ಪ್ರಯತ್ನಿಸಲಿ, ನಿರಾಕರಣೆ ಬರಬೇಕು.
4. ಬಳಕೆದಾರರ ಪಟ್ಟಿಯನ್ನು ತೋರಿಸಲಿ. ಕೆಲಸ ಬಿಟ್ಟವರ ಹೆಸರು ಇರಬಾರದು.
5. ಮೇಲಿನ ವಿಫಲ ಯತ್ನಗಳು ಸರಿಯಾದ ವೇಳೆಯೊಡನೆ ದಾಖಲಾಗಿವೆಯೇ ಎಂದು ತೋರಿಸಲಿ, ಇರಲೇಬೇಕು.

ಇವುಗಳಲ್ಲಿ ಬಹುಪಾಲು ಕ್ರಮಗಳಿಗೆ ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ. ತಂತ್ರಜ್ಞರ ಒಂದು ದಿನದ ಶ್ರಮ, ಮಾಲೀಕರ ಅರ್ಧ ಗಂಟೆಯ ಗಮನ, ಕಡತದಲ್ಲಿ ಒಂದು ಪುಟ ಸಾಕು. ಆ ಪುಟದಲ್ಲಿ ಪ್ರವೇಶಾಧಿಕಾರಿಗಳ ಪಟ್ಟಿ, ಪರೀಕ್ಷೆಯ ದಿನಾಂಕ ಮತ್ತು ಫಲಿತಾಂಶಗಳನ್ನು ಬರೆದು ಸಹಿ ಹಾಕಿ, ಪ್ರತಿವರ್ಷ ದಾಸ್ತಾನು ಎಣಿಕೆಯ ಜೊತೆಯಲ್ಲಿಯೇ ಈ ಪರೀಕ್ಷೆಯನ್ನೂ ನಡೆಸುವ ಪದ್ಧತಿಯನ್ನು ಸದಸ್ಯರು ರೂಢಿಸಿಕೊಳ್ಳುವುದು ಯುಕ್ತವಾಗಿದೆ.